ಯಾವ ಡ್ರಾಕುಲಾ ನೋಡಲಿ? ನೂರು ವರ್ಷದ ಸಿನಿಮಾಗಳಲ್ಲಿ ಆರಿಸಿಕೊಳ್ಳುವ ಬಗೆ

ಡ್ರಾಕುಲಾ ನೋಡಬೇಕು ಅಂತ ಹುಡುಕಲು ಕೂತವರಿಗೆ ಮೊದಲು ಆಗುವುದು ಗೊಂದಲ. ಬರೀ ‘ಡ್ರಾಕುಲಾ’ ಅನ್ನುವ ಹೆಸರಲ್ಲೇ 1931ರದ್ದು ಒಂದಿದೆ, 1958ರದ್ದು ಒಂದಿದೆ, 1979ರದ್ದು ಇನ್ನೊಂದು. 1931ರಲ್ಲೇ ಅದೇ ಸೆಟ್ಟಿನಲ್ಲಿ ತೆಗೆದ ಸ್ಪ್ಯಾನಿಶ್ ಡ್ರಾಕುಲಾ ಬೇರೆ ಇದೆ. ‘ನೊಸ್ಫೆರಾಟು’ ಅಂತ ಹುಡುಕಿದರೆ 1922, 1979, 2024 ಅಂತ ಮೂರು ಸಿಗುತ್ತವೆ. ಇವುಗಳ ಜೊತೆ 1992ರ ಕೊಪೊಲಾ ಸಿನಿಮಾ, ಬಿಬಿಸಿ ಟಿವಿಗೆ ಮಾಡಿದ್ದು, ಲಾಹೋರಿನಲ್ಲಿ ಉರ್ದುವಿನಲ್ಲಿ ತೆಗೆದದ್ದು. ಎಲ್ಲದರ ಬೇರು ಒಂದೇ ಕಾದಂಬರಿ. ಆದರೂ ಒಂದನ್ನು ನೋಡಿದರೆ ಇನ್ನೊಂದನ್ನು ನೋಡಿದ ಹಾಗಾಗುವುದಿಲ್ಲ. ಒಂದರಲ್ಲಿ ಡ್ರಾಕುಲಾ ಪ್ಲೇಗು, ಇನ್ನೊಂದರಲ್ಲಿ ಸಭ್ಯ ಅತಿಥಿ, ಮತ್ತೊಂದರಲ್ಲಿ ಬೇಟೆಗಾರ, ಇನ್ನೊಂದರಲ್ಲಿ ವಿರಹಿ. ಯಾವುದಕ್ಕೆ ನಿಮ್ಮ ಸಂಜೆಯನ್ನು ಕೊಡಬೇಕು ಅನ್ನುವುದನ್ನು ತೂಗಿ ನೋಡೋಣ.

ತೂಗುವುದು ಹೇಗೆ

ಅಳತೆಗೋಲು ಸಿಗುವುದು ಪುಸ್ತಕದಲ್ಲೇ. ಐರ್ಲೆಂಡಿನ ಬ್ರಾಮ್ ಸ್ಟೋಕರ್ ಲಂಡನ್ನಿನ ಲೈಸಿಯಂ ನಾಟಕಶಾಲೆಯ ಮ್ಯಾನೇಜರ್ ಆಗಿದ್ದವರು. 1897ರಲ್ಲಿ ಅವರ ‘ಡ್ರಾಕುಲಾ’ ಕಾದಂಬರಿ ಬಂತು. ಟ್ರಾನ್ಸಿಲ್ವೇನಿಯಾದ ಕೋಟೆಯಿಂದ ಲಂಡನ್ನಿಗೆ ಬರುವ ರಕ್ತಪಿಶಾಚಿಯ ಕಥೆ. ಅದನ್ನು ಕಥೆಗಾರನೊಬ್ಬ ಹೇಳುವುದಿಲ್ಲ. ದಿನಚರಿ, ಕಾಗದ, ಟೆಲಿಗ್ರಾಂ, ಪತ್ರಿಕೆಯ ತುಣುಕು, ಡಾಕ್ಟರ್ ಸೆವರ್ಡ್ ಫೋನೋಗ್ರಾಫ್ ಅನ್ನುವ ದನಿಮುದ್ರಣ ಯಂತ್ರದಲ್ಲಿ ಹೇಳಿಟ್ಟ ಮಾತು, ಹೀಗೆ ಚೂರುಚೂರಾಗಿ ಕಥೆ ಬರುತ್ತದೆ. ಈ ಚೂರುಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ, ಟೈಪ್ ಮಾಡಿ, ಮೂರು ಪ್ರತಿ ತೆಗೆಯುವವಳು ಮಿನಾ, ಡ್ರಾಕುಲಾನ ಕೋಟೆಗೆ ಹೋಗಿ ಬಂದ ವಕೀಲ ಹಾರ್ಕರ್‌ನ ಹೆಂಡತಿ. ಡ್ರಾಕುಲಾ ಒಂದು ರಾತ್ರಿ ಮನೆಗೆ ನುಗ್ಗಿ ಆ ಹಾಳೆಗಳನ್ನೂ ಫೋನೋಗ್ರಾಫಿನ ಮೇಣದ ಸುರುಳಿಗಳನ್ನೂ ಬೆಂಕಿಗೆ ಹಾಕುತ್ತಾನೆ. ಆದರೆ ಇನ್ನೊಂದು ಪ್ರತಿ ಕಬ್ಬಿಣದ ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತದೆ! ನನ್ನ ಮಟ್ಟಿಗೆ ಇಡೀ ಪುಸ್ತಕದ ತಿರುಳು ಇಲ್ಲಿದೆ. ನೂರಾರು ವರ್ಷ ಬಾಳಿದ ಪಿಶಾಚಿ ಸೋಲುವುದು ಶಿಲುಬೆ, ಬೆಳ್ಳುಳ್ಳಿಯಿಂದ ಮಾತ್ರ ಅಲ್ಲ. ಕೆಲವರು ತಮಗೆ ಗೊತ್ತಿದ್ದನ್ನು ಒಬ್ಬರಿಗೊಬ್ಬರು ಮುಚ್ಚಿಡದೆ ಹೇಳಿಕೊಂಡಿದ್ದರಿಂದ, ಅದನ್ನು ಒಬ್ಬ ಹೆಂಗಸು ಒಪ್ಪವಾಗಿ ಜೋಡಿಸಿದ್ದರಿಂದ. ಡ್ರಾಕುಲಾ ಯಾವ ನದಿ ದಾರಿಯಲ್ಲಿ ವಾಪಸ್ ಹೋಗುತ್ತಾನೆ ಅಂತ ಲೆಕ್ಕ ಹಾಕಿ ಹೇಳುವವಳೂ ಅವಳೇ.

ಹಾಗಾಗಿ ನನ್ನ ಮೊದಲ ಪ್ರಶ್ನೆ: ಈ ಸಿನಿಮಾ ಮಿನಾಳನ್ನು ಏನು ಮಾಡಿದೆ? ಎರಡನೆಯದು ಭಯದ ಬಗೆ. ಮೆಲ್ಲಗೆ ಮೈಗೆ ಹತ್ತುವ ಭಯವೋ, ಬೆಚ್ಚಿ ಬೀಳಿಸುವ ಭಯವೋ? ಮೂರನೆಯದು ಪುಸ್ತಕಕ್ಕೆ ಎಷ್ಟು ಹತ್ತಿರ. ಆಮೇಲೆ ವ್ಯವಹಾರದ ಮಾತು: ಎಷ್ಟು ಹೊತ್ತು, ಎಷ್ಟು ದುಡ್ಡು, ಮನೆಯವರ ಜೊತೆ ಕೂತು ನೋಡಬಹುದಾ?

1922: ದುಡ್ಡಿಲ್ಲದೆ ಸಿಗುವುದು, ಪ್ರತಿ ಮಾತ್ರ ನೋಡಿಕೊಳ್ಳಿ

ಎಫ್. ಡಬ್ಲ್ಯು. ಮುರ್ನೌ ಜರ್ಮನಿಯಲ್ಲಿ ತೆಗೆದ ‘ನೊಸ್ಫೆರಾಟು’ ಮೂಕಿ ಚಿತ್ರ. ಕಾದಂಬರಿಯ ಹಕ್ಕು ಪಡೆಯದೆ ತೆಗೆದದ್ದು. ಅದಕ್ಕೇ ಡ್ರಾಕುಲಾ ಇಲ್ಲಿ ಕೌಂಟ್ ಓರ್ಲಾಕ್ ಆದ, ಲಂಡನ್ ಹೋಗಿ ವಿಸ್ಬೋರ್ಗ್ ಅನ್ನುವ ಜರ್ಮನ್ ಊರು ಬಂತು, ಮಿನಾ ಎಲೆನ್ ಆದಳು. ಸ್ಟೋಕರ್ ಅವರ ಹೆಂಡತಿ ಫ್ಲಾರೆನ್ಸ್ ಕೋರ್ಟಿಗೆ ಹೋದರು. 1925ರಲ್ಲಿ ಪ್ರತಿಗಳನ್ನೆಲ್ಲ ನಾಶ ಮಾಡಿ ಅಂತ ಆದೇಶವಾಯಿತು. ಅಷ್ಟರಲ್ಲಿ ಕೆಲವು ಪ್ರತಿ ಹೊರದೇಶಗಳಿಗೆ ಹೋಗಿಬಿಟ್ಟಿದ್ದವು. ಇವತ್ತು ನಾವು ನೋಡುತ್ತಿರುವುದು ಅವುಗಳಿಂದ ಉಳಿದದ್ದು.

ಮ್ಯಾಕ್ಸ್ ಶ್ರೆಕ್ ಮಾಡಿದ ಓರ್ಲಾಕ್‌ಗೆ ಒಂದಿಷ್ಟೂ ಅಂದಚೆಂದ ಇಲ್ಲ. ಬೋಳು ತಲೆ, ಇಲಿಯ ಹಾಗೆ ಮುಂದಿನ ಎರಡು ಹಲ್ಲು, ಉದ್ದ ಉಗುರು. ಅವನು ಹಡಗಿನಲ್ಲಿ ಬಂದರೆ ಜೊತೆಗೆ ಇಲಿಗಳು ಬರುತ್ತವೆ, ಊರಿಗೆ ಪ್ಲೇಗು ಬರುತ್ತದೆ. ಹಡಗಿನ ಶವಪೆಟ್ಟಿಗೆಯಿಂದ ಅವನು ಮೈ ಬಗ್ಗಿಸದೆ ಕಂಬದ ಹಾಗೆ ನೆಟ್ಟಗೆ ಎದ್ದು ನಿಲ್ಲುವುದು, ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಅವನ ನೆರಳು ಹತ್ತಿ ಹೋಗುವುದು, ಇವನ್ನು ಇವತ್ತಿಗೂ ಯಾರೂ ಮೀರಿಸಿಲ್ಲ. ಬಿಸಿಲು ಬಿದ್ದರೆ ಪಿಶಾಚಿ ಸಾಯುತ್ತದೆ ಅಂತ ಎಲ್ಲರೂ ನಂಬಿದ್ದೇವೆ, ಅಲ್ವಾ? ಅದು ಸ್ಟೋಕರ್ ಬರೆದದ್ದಲ್ಲ. ಪುಸ್ತಕದಲ್ಲಿ ಡ್ರಾಕುಲಾ ಹಗಲಿನಲ್ಲೇ ಲಂಡನ್ ಬೀದಿಯಲ್ಲಿ ಓಡಾಡುತ್ತಾನೆ, ಶಕ್ತಿ ಕಡಿಮೆ ಇರುತ್ತದೆ ಅಷ್ಟೆ. ಬಿಸಿಲಿನ ಸಾವು ಈ ಸಿನಿಮಾದ ಕಾಣಿಕೆ.

ಇದು ಪುಕ್ಕಟೆ ನೋಡಲು ಸಿಗುತ್ತದೆ. ಆದರೆ ಸಿಕ್ಕ ಮೊದಲ ಪ್ರತಿಯನ್ನೇ ನೋಡಬೇಡಿ. ಆಗ ರಾತ್ರಿಯ ದೃಶ್ಯಗಳನ್ನೂ ಹಗಲಲ್ಲೇ ತೆಗೆದು, ಫಿಲ್ಮಿಗೆ ನೀಲಿ ಬಣ್ಣ ಹಾಕುತ್ತಿದ್ದರು. ಬಣ್ಣ ಇಲ್ಲದ ಕಪ್ಪುಬಿಳುಪು ಪ್ರತಿಯಲ್ಲಿ ಓರ್ಲಾಕ್ ಶವಪೆಟ್ಟಿಗೆ ಹೊತ್ತು ಸುಡು ಬಿಸಿಲಲ್ಲಿ ನಡೆದ ಹಾಗೆ ಕಾಣುತ್ತದೆ. ಕೊನೆಯಲ್ಲಿ ಅದೇ ಬಿಸಿಲಿಗೆ ಅವನು ಸತ್ತರೆ ನೋಡುವವರಿಗೆ ತಲೆಬುಡ ಅರ್ಥವಾಗುವುದಿಲ್ಲ. ನೀಲಿ, ಹಳದಿ ಛಾಯೆ ಇರುವ ದುರಸ್ತಿಯಾದ ಪ್ರತಿಯನ್ನೇ ಆರಿಸಿಕೊಳ್ಳಿ. ಸುಮಾರು ಒಂದೂವರೆ ಗಂಟೆ ಇರುತ್ತದೆ. ಮೊದಲ ಪ್ರದರ್ಶನದ ಸಂಗೀತ ಹೆಚ್ಚಿನಂಶ ಕಳೆದುಹೋಗಿದೆ. ಅದಕ್ಕೇ ಒಂದೊಂದು ಪ್ರತಿಗೆ ಒಂದೊಂದು ಸಂಗೀತ. ಒಂದು ಹಿಡಿಸದಿದ್ದರೆ ಇನ್ನೊಂದನ್ನು ಹಾಕಿ.

ಮಿನಾಳ ವಿಚಾರ? ಎಲೆನ್ ಪುಸ್ತಕ ಓದಿ ಪಿಶಾಚಿಯ ಗುಟ್ಟು ತಿಳಿದು ತಾನೇ ತೀರ್ಮಾನ ಮಾಡುತ್ತಾಳೆ. ಆದರೆ ಆ ತೀರ್ಮಾನ ಬಲಿದಾನದ್ದು. ಕೂಡಿ ಗೆಲ್ಲುವ ಕಥೆ ಇಲ್ಲಿಲ್ಲ.

1931: ಒಂದೇ ಸೆಟ್ಟು, ಎರಡು ಸಿನಿಮಾ

ಹಂಗೇರಿಯ ಬೇಲಾ ಲುಗೋಸಿ ನ್ಯೂಯಾರ್ಕಿನ ಬ್ರಾಡ್‌ವೇ ನಾಟಕದಲ್ಲಿ ಡ್ರಾಕುಲಾ ಆಗಿ ಹೆಸರು ಮಾಡಿದ್ದರು. ಟಾಡ್ ಬ್ರೌನಿಂಗ್ ನಿರ್ದೇಶನದ ಯೂನಿವರ್ಸಲ್ ಸಿನಿಮಾದಲ್ಲಿ ಅದೇ ಪಾತ್ರ ಮಾಡಿದರು. ನಿಧಾನದ ಮಾತು, ಕೋಟು, ಮೇಲಂಗಿ. ಡ್ರಾಕುಲಾ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವ ಆಸಾಮಿ ಇವರೇ. ಕೋರೆಹಲ್ಲು ಮಾತ್ರ ಈ ಸಿನಿಮಾದಲ್ಲಿ ಒಮ್ಮೆಯೂ ಕಾಣುವುದಿಲ್ಲ.

ಮೊದಲ ಇಪ್ಪತ್ತು ನಿಮಿಷ, ಟ್ರಾನ್ಸಿಲ್ವೇನಿಯಾದ ಕೋಟೆಯ ಭಾಗ, ಬಹಳ ಚೆನ್ನಾಗಿದೆ. ಲಂಡನ್ನಿಗೆ ಬಂದ ಮೇಲೆ ಸಿನಿಮಾ ನಾಟಕವಾಗುತ್ತದೆ. ಕೋಣೆಯಲ್ಲಿ ನಿಂತು ಮಾತಾಡುತ್ತಾರೆ, ಮುಖ್ಯವಾದದ್ದೆಲ್ಲ ತೆರೆಯ ಹೊರಗೆ ನಡೆಯುತ್ತದೆ. ಡ್ರಾಕುಲಾನ ಸಾವೂ ಅಷ್ಟೆ, ನರಳುವ ದನಿ ಕೇಳುತ್ತದೆ, ಕಾಣುವುದಿಲ್ಲ. ಹಿನ್ನೆಲೆ ಸಂಗೀತವೂ ಇಲ್ಲವೆನ್ನುವಷ್ಟು ಕಡಿಮೆ. ಕೆಲವರಿಗೆ ಆ ಮೌನವೇ ಭಯ ಹುಟ್ಟಿಸುತ್ತದೆ, ಕೆಲವರಿಗೆ ಆಕಳಿಕೆ ಬರುತ್ತದೆ. ಎರಡನೆಯ ಗುಂಪಿನವರಾದರೆ 1999ರಲ್ಲಿ ಫಿಲಿಪ್ ಗ್ಲಾಸ್ ಹೊಸದಾಗಿ ಸಂಗೀತ ಬರೆದ ಪ್ರತಿ ಇದೆ, ಅದನ್ನು ನೋಡಿ.

ಹಗಲು ಇಂಗ್ಲಿಷ್ ತಂಡ ಕೆಲಸ ಮುಗಿಸಿ ಹೋದ ಮೇಲೆ, ರಾತ್ರಿ ಅದೇ ಸೆಟ್ಟಿನಲ್ಲಿ ಸ್ಪ್ಯಾನಿಶ್ ತಂಡ ಅದೇ ಕಥೆ ತೆಗೆಯುತ್ತಿತ್ತು. ನಿರ್ದೇಶಕ ಜಾರ್ಜ್ ಮೆಲ್‌ಫೋರ್ಡ್. ಕ್ಯಾಮೆರಾ ಇಲ್ಲಿ ಜಾಸ್ತಿ ಓಡಾಡುತ್ತದೆ, ಲುಪಿಟಾ ಟೋವಾರ್ ಮಾಡಿದ ನಾಯಕಿಗೆ ಜೀವ ಜಾಸ್ತಿ. ಆದರೆ ಕಾರ್ಲೋಸ್ ವಿಯಾರಿಯಾಸ್ ಲುಗೋಸಿಯ ಎತ್ತರಕ್ಕೆ ಏರುವುದಿಲ್ಲ. ಇಂಗ್ಲಿಷಿನದು 75 ನಿಮಿಷ, ಸ್ಪ್ಯಾನಿಶಿನದು 104. ಅಜ್ಜ-ಅಜ್ಜಿ, ಹೈಸ್ಕೂಲಿನ ಮಕ್ಕಳು ಎಲ್ಲರೂ ಕೂತು ನೋಡಬೇಕೆಂದರೆ ಇಂಗ್ಲಿಷಿನದು. ರಕ್ತವಿಲ್ಲ, ಮುಜುಗರವಿಲ್ಲ, ಬೇಗ ಮುಗಿಯುತ್ತದೆ. ಸಿನಿಮಾ ತೆಗೆಯುವ ಕೆಲಸ ಕಲಿಯುವವರಾದರೆ ಎರಡನ್ನೂ ನೋಡಲೇಬೇಕು. ಒಂದೇ ಮೆಟ್ಟಿಲು, ಒಂದೇ ಬಾಗಿಲನ್ನು ಇಬ್ಬರು ನಿರ್ದೇಶಕರು ಹೇಗೆ ಬಳಸಿದರು ಅಂತ ಪಕ್ಕಪಕ್ಕ ಇಟ್ಟು ನೋಡುವ ಇಂಥ ಅವಕಾಶ ಅಪರೂಪ.

1958: ಒಂದೇ ಒಂದು ನೋಡುವುದಾದರೆ

ಇಂಗ್ಲೆಂಡಿನ ಹ್ಯಾಮರ್ ಕಂಪನಿ, ನಿರ್ದೇಶಕ ಟೆರೆನ್ಸ್ ಫಿಶರ್. ಡ್ರಾಕುಲಾ ಆಗಿ ಕ್ರಿಸ್ಟೋಫರ್ ಲೀ, ಪಿಶಾಚಿಯ ಬೆನ್ನು ಹತ್ತುವ ಡಾಕ್ಟರ್ ವ್ಯಾನ್ ಹೆಲ್ಸಿಂಗ್ ಆಗಿ ಪೀಟರ್ ಕುಶಿಂಗ್. ಅಮೆರಿಕದಲ್ಲಿ ‘ಹಾರರ್ ಆಫ್ ಡ್ರಾಕುಲಾ’ ಅಂತ ಬಂತು. ಹುಡುಕುವಾಗ ಎರಡೂ ಹೆಸರು ನೆನಪಿರಲಿ.

ಟೈಟಲ್ ಮುಗಿಯುವಾಗಲೇ ಶವಪೆಟ್ಟಿಗೆಯ ಮೇಲೆ ಕೆತ್ತಿದ ಹೆಸರಿನ ಮೇಲೆ ಕೆಂಪು ರಕ್ತ ತೊಟ್ಟಿಕ್ಕುತ್ತದೆ. ಅಲ್ಲಿಯವರೆಗೆ ಕಪ್ಪುಬಿಳುಪಿನಲ್ಲಿದ್ದ ಡ್ರಾಕುಲಾಗೆ ಬಣ್ಣ ಬಂತು ಅಂತ ಸಾರಿದ ಹಾಗೆ. ಜೇಮ್ಸ್ ಬರ್ನಾರ್ಡ್ ಅವರ ಸಂಗೀತದ ಮೂರು ಸ್ವರ ಡ್ರಾ-ಕು-ಲಾ ಅಂತಲೇ ಕೂಗುತ್ತವೆ. ಲೀ ಆರಂಭದಲ್ಲಿ ಹಾರ್ಕರ್ ಜೊತೆ ನಾಲ್ಕು ಮಾತಾಡುತ್ತಾರೆ, ಅದೂ ಒಳ್ಳೆಯ ಮನೆಯ ಯಜಮಾನನ ಹಾಗೆ. ಆಮೇಲೆ ಸಿನಿಮಾ ಪೂರ್ತಿ ಮಾತಿಲ್ಲ. ಕೆಂಪು ಕಣ್ಣು, ಓಟ, ನೆಗೆತ. ಮಾತು ನಿಂತ ಮೇಲೆ ಅವರು ಇನ್ನೂ ದೊಡ್ಡವರಾಗಿ ಕಾಣುತ್ತಾರೆ.

ಆದರೂ ಈ ಸಿನಿಮಾವನ್ನು ಎತ್ತಿ ಹಿಡಿದಿರುವುದು ಕುಶಿಂಗ್ ಅಂತ ನನ್ನ ನಂಬಿಕೆ. ಸ್ಮಶಾನದ ದೃಶ್ಯ ನೋಡಿ. ಪಿಶಾಚಿಯಾದ ಲೂಸಿಯ (ಪುಸ್ತಕದಲ್ಲಿ ಇವಳು ಮಿನಾಳ ಗೆಳತಿ) ಕೈಗೆ ಸಿಕ್ಕಿದ್ದ ಪುಟ್ಟ ಹುಡುಗಿ ಬದುಕಿ ಉಳಿದಿದ್ದಾಳೆ, ಹೆದರಿ ನಡುಗುತ್ತಿದ್ದಾಳೆ. ಇನ್ನೊಂದು ಗಳಿಗೆಯಲ್ಲಿ ವ್ಯಾನ್ ಹೆಲ್ಸಿಂಗ್ ಅತಿ ಕ್ರೂರವಾದ ಕೆಲಸ ಮಾಡಬೇಕಿದೆ. ಅದಕ್ಕೆ ಮೊದಲು ಅವನು ತನ್ನ ಕೋಟು ಬಿಚ್ಚಿ ಮಗುವಿಗೆ ಹೊದಿಸಿ, ಶಿಲುಬೆಯನ್ನು ಕೈಗೆ ಕೊಟ್ಟು, ನಯವಾಗಿ ಎರಡು ಮಾತಾಡಿ ಕೂರಿಸುತ್ತಾನೆ. ಅಷ್ಟೇ. ಆ ಅರ್ಧ ನಿಮಿಷದಿಂದ ಅವನು ಯಾಕಾಗಿ ಹೋರಾಡುತ್ತಿದ್ದಾನೆ ಅಂತ ನಮಗೆ ಗೊತ್ತಾಗುತ್ತದೆ. ಕೊನೆಯ ಕಾಳಗದಲ್ಲಿ ಅವನು ಉದ್ದ ಮೇಜಿನ ಮೇಲೆ ಓಡಿ ಪರದೆಗೆ ಹಾರುವುದು, ಎರಡು ಮೇಣದಬತ್ತಿಯ ಕಂಬಗಳನ್ನು ಅಡ್ಡ ಹಿಡಿದು ಶಿಲುಬೆ ಮಾಡುವುದು, ಅದನ್ನು ಎಷ್ಟು ಸಲ ನೋಡಿದರೂ ಮೈ ಜುಮ್ಮೆನ್ನುತ್ತದೆ.

ಪುಸ್ತಕ ಓದಿದವರಿಗೆ ಬೇಜಾರಾಗುವುದೂ ಇಲ್ಲೇ. ಹಡಗಿಲ್ಲ, ಲಂಡನ್ ಇಲ್ಲ, ಡ್ರಾಕುಲಾಗೆ ಗುಲಾಮನಾದ ಹುಚ್ಚ ರೆನ್‌ಫೀಲ್ಡ್ ಇಲ್ಲ. ಹಾರ್ಕರ್ ವಕೀಲನಲ್ಲ, ಗ್ರಂಥಪಾಲಕನ ವೇಷದಲ್ಲಿ ಬಂದ ಬೇಟೆಗಾರ. ಮಿನಾ ಇಲ್ಲಿ ಲೂಸಿಯ ಅಣ್ಣ ಆರ್ಥರನ ಹೆಂಡತಿ, ಕಾಪಾಡಿಸಿಕೊಳ್ಳುವುದಷ್ಟೇ ಅವಳ ಕೆಲಸ. ನನ್ನ ಮೊದಲ ಪ್ರಶ್ನೆಗೆ ಈ ಸಿನಿಮಾ ಸೋಲುತ್ತದೆ. ಆದರೂ 82 ನಿಮಿಷದಲ್ಲಿ ಒಂದು ಗಳಿಗೆಯೂ ಸಡಿಲವಾಗದ ಕಥೆ ಬೇಕೆಂದರೆ ಇದಕ್ಕೆ ಸಾಟಿ ಇಲ್ಲ.

1977: ಪುಸ್ತಕ ಪ್ರೀತಿಸುವವರಿಗೆ

ಬಿಬಿಸಿಯ ‘ಕೌಂಟ್ ಡ್ರಾಕುಲಾ’ ಹೆಚ್ಚು ಜನ ನೋಡಿಲ್ಲ. ಫಿಲಿಪ್ ಸ್ಯಾವಿಲ್ ನಿರ್ದೇಶನ, ಲೂಯಿ ಜೋರ್ಡಾನ್ ಡ್ರಾಕುಲಾ, ಸುಮಾರು ಎರಡೂವರೆ ಗಂಟೆ. ಪುಸ್ತಕಕ್ಕೆ ಇಷ್ಟು ಹತ್ತಿರ ಇರುವುದು ಬೇರೆ ಇಲ್ಲ. ಡ್ರಾಕುಲಾ ಕೋಟೆಯ ಗೋಡೆಯ ಮೇಲೆ ತಲೆಕೆಳಗಾಗಿ ಇಳಿಯುವುದು, ಕೋಟೆಯ ಮೂವರು ಹೆಂಗಸರಿಗೆ ಅವನು ಮಗುವನ್ನು ತಂದುಕೊಡುವುದು, ಇಂಗ್ಲೆಂಡಿನ ಕಡಲ ತೀರದ ವಿಟ್ಬಿ ಊರಿನ ಚರ್ಚಿನ ಅಂಗಳ ಎಲ್ಲ ಇದೆ. ವಿಟ್ಬಿಯ ದೃಶ್ಯಗಳನ್ನು ವಿಟ್ಬಿಯಲ್ಲೇ ತೆಗೆದಿದ್ದಾರೆ. ಜೂಡಿ ಬೌಕರ್ ಮಾಡಿದ ಮಿನಾಗೆ ಬುದ್ಧಿಯೂ ಇದೆ, ಧೈರ್ಯವೂ ಇದೆ. ಫ್ರಾಂಕ್ ಫಿನ್ಲೇ ಮಾಡಿದ ವ್ಯಾನ್ ಹೆಲ್ಸಿಂಗ್ ಪುಸ್ತಕದಿಂದ ಎದ್ದು ಬಂದ ಹಾಗೆ. ಪುಸ್ತಕದಲ್ಲಿ ಲೂಸಿಯನ್ನು ಮೆಚ್ಚಿದ ಕ್ವಿನ್ಸಿ, ಆರ್ಥರ್ ಇಬ್ಬರನ್ನು ಸೇರಿಸಿ ಒಬ್ಬನನ್ನು ಮಾಡಿದ್ದು ಮುಖ್ಯವಾದ ಬದಲಾವಣೆ.

ಇದರಲ್ಲಿ ಸಹಿಸಿಕೊಳ್ಳಬೇಕಾದದ್ದು ನೋಟ. ಒಳಾಂಗಣ ವಿಡಿಯೋದಲ್ಲಿ, ಹೊರಾಂಗಣ ಫಿಲ್ಮಿನಲ್ಲಿ. ಬಾಗಿಲು ದಾಟಿದರೆ ಚಿತ್ರದ ಗುಣವೇ ಬದಲಾಗುತ್ತದೆ. ಹಳೆಯ ದೂರದರ್ಶನದ ಧಾರಾವಾಹಿ ನೋಡಿ ಬೆಳೆದವರಿಗೆ ಇದು ತೊಂದರೆಯಲ್ಲ. ದೊಡ್ಡ ಪರದೆಯಲ್ಲಿ ಹೊಳೆಯುವ ಚಿತ್ರ ಬಯಸುವವರಿಗೆ ಕಿರಿಕಿರಿ ಆಗಬಹುದು. ಎರಡು ರಾತ್ರಿ ಮಾಡಿಕೊಂಡು ನೋಡಿ.

1979ರ ಎರಡು

ಜಾನ್ ಬ್ಯಾಡಂ ಅವರ ‘ಡ್ರಾಕುಲಾ’ ಬೇಗ ಹೇಳಿ ಮುಗಿಸುತ್ತೇನೆ. ಫ್ರಾಂಕ್ ಲ್ಯಾಂಜೆಲ್ಲಾ ಚೆಲುವ, ಜಾನ್ ವಿಲಿಯಮ್ಸ್ ಸಂಗೀತ ಅದ್ಭುತ, ಲಾರೆನ್ಸ್ ಒಲಿವಿಯೇ ವ್ಯಾನ್ ಹೆಲ್ಸಿಂಗ್. ಲೂಸಿ ಮತ್ತು ಮಿನಾ ಪಾತ್ರಗಳು ಅದಲುಬದಲಾಗಿವೆ. ನಿರ್ದೇಶಕರೇ ಮುಂದೆ ಬಣ್ಣ ಇಳಿಸಿದ್ದರಿಂದ ಹಲವು ಪ್ರತಿಗಳು ಮಸುಕು. ತುಂಬು ಬಣ್ಣದ ಪ್ರತಿ ಸಿಕ್ಕರೆ ನೋಡಿ.

ಅದೇ ವರ್ಷ ವೆರ್ನರ್ ಹೆರ್ಜೋಗ್ ಮುರ್ನೌ ಸಿನಿಮಾವನ್ನು ಮತ್ತೆ ತೆಗೆದರು. ಹಕ್ಕಿನ ತೊಡಕು ಇರಲಿಲ್ಲವಾದ್ದರಿಂದ ಕೌಂಟ್‌ಗೆ ಡ್ರಾಕುಲಾ ಅನ್ನುವ ಹೆಸರೇ ವಾಪಸ್ ಬಂತು. ಕ್ಲಾಸ್ ಕಿನ್ಸ್‌ಕಿಯ ಪಿಶಾಚಿ ಹೆದರಿಸುವುದಕ್ಕಿಂತ ಜಾಸ್ತಿ ಸುಸ್ತಾಗಿದ್ದಾನೆ. ಸಾಯಲಾರದೆ ಶತಮಾನಗಳನ್ನು ಎಳೆಯುತ್ತಿದ್ದಾನೆ. ಹಾಲೆಂಡಿನ ಡೆಲ್ಫ್ಟ್ ಊರಿನ ಚೌಕದಲ್ಲಿ ತೆಗೆದ ದೃಶ್ಯವೊಂದಿದೆ. ಪ್ಲೇಗು ತಗುಲಿದವರು ಹೇಗೂ ಸಾಯುತ್ತೇವೆ ಅಂತ ಒಳ್ಳೆಯ ಬಟ್ಟೆ ಹಾಕಿಕೊಂಡು, ಬೀದಿಯಲ್ಲೇ ಮೇಜು ಹಾಕಿ ಊಟಕ್ಕೆ ಕೂತಿದ್ದಾರೆ. ಸುತ್ತಲೂ ಇಲಿಗಳು. ನಾಯಕಿಗೆ ಏನು ಮಾಡಬೇಕು ಅಂತ ಗೊತ್ತಿದೆ, ಊರಲ್ಲಿ ಯಾರೂ ಕೇಳುತ್ತಿಲ್ಲ. ಆ ಪಾತ್ರ ಮಾಡಿದವರು ಇಸಬೆಲ್ ಅಜಾನಿ, ಮಿನಾಳ ಜಾಗದಲ್ಲಿರುವ ಅವಳ ಹೆಸರು ಇಲ್ಲಿ ಲೂಸಿ. ಪುಸ್ತಕದಲ್ಲಿ ಎಲ್ಲರೂ ಮಿನಾಳ ಮಾತು ಕೇಳಿ ಗೆದ್ದರು, ಇಲ್ಲಿ ಯಾರೂ ಕೇಳದೆ ಊರು ಹಾಳಾಯಿತು. ಮೂಲವನ್ನು ತಿರುಗಿಸಿಯೂ ಅದರ ತಿರುಳನ್ನು ಮುಟ್ಟಿದ ಸಿನಿಮಾ ಇದು. ಇಂಗ್ಲಿಷಿನಲ್ಲೂ ಜರ್ಮನಿನಲ್ಲೂ ತೆಗೆದಿದ್ದಾರೆ. ಜರ್ಮನ್ ಪ್ರತಿಯಲ್ಲಿ ನಟರ ಮಾತು ಸಹಜವಾಗಿದೆ, ಸಬ್‌ಟೈಟಲ್ ಹಾಕಿ ಅದನ್ನೇ ನೋಡಿ. ನಿಧಾನದ ಸಿನಿಮಾ, ಫೋನು ಪಕ್ಕಕ್ಕಿಡಬೇಕು.

1992: ಕಣ್ಣಿಗೆ ಹಬ್ಬ, ಹೆಸರು ನಂಬಬೇಡಿ

ಫ್ರಾನ್ಸಿಸ್ ಫೋರ್ಡ್ ಕೊಪೊಲಾ ತಮ್ಮ ಸಿನಿಮಾದ ಹೆಸರಿಗೆ ಬ್ರಾಮ್ ಸ್ಟೋಕರ್ ಹೆಸರನ್ನೇ ಸೇರಿಸಿದರು. ಪಾತ್ರಗಳು ಬಹುಮಟ್ಟಿಗೆ ಎಲ್ಲ ಇವೆ, ದಿನಚರಿಗಳಿವೆ, ಸೆವರ್ಡನ ಫೋನೋಗ್ರಾಫ್ ಇದೆ, ಮಿನಾಳ ಟೈಪ್‌ರೈಟರ್ ಕೂಡ ಇದೆ. ಆದರೆ ನಡುವಿನ ಪ್ರೇಮಕಥೆ, ಡ್ರಾಕುಲಾನ ಸತ್ತ ಹೆಂಡತಿಯೇ ಮಿನಾ ಆಗಿ ಮತ್ತೆ ಹುಟ್ಟಿದ್ದಾಳೆ ಅನ್ನುವುದು, ಪುಸ್ತಕದಲ್ಲಿ ಇಲ್ಲವೇ ಇಲ್ಲ. ಪುಸ್ತಕದ ಮಿನಾಗೆ ಡ್ರಾಕುಲಾ ಮೇಲೆ ಕನಿಕರ ಇದೆ, ಪ್ರೀತಿ ಇಲ್ಲ. ಅವನು ಅವಳಿಗೆ ಮಾಡಿದ್ದು ಬಲಾತ್ಕಾರ. ಅದನ್ನು ಪ್ರೇಮ ಅಂತ ತೋರಿಸಿದ್ದು ನನಗೆ ಒಪ್ಪಿಗೆಯಿಲ್ಲ.

ಇಷ್ಟು ಹೇಳಿಯೂ ಇದನ್ನು ನೋಡಿ ಅಂತಲೇ ಹೇಳುತ್ತೇನೆ. ಕಂಪ್ಯೂಟರ್ ಕೈಚಳಕ ಬೇಡ ಅಂತ ಹಠ ಹಿಡಿದು, ಹಳೆಯ ಕಾಲದ ಹಾಗೆ ಒಂದೇ ಫಿಲ್ಮಿನ ಮೇಲೆ ಎರಡು ಸಲ ತೆಗೆಯುವುದು, ಹಿಂದುಮುಂದಾಗಿ ಓಡಿಸುವುದು, ಪುಟಾಣಿ ಮಾದರಿಗಳನ್ನು ಕಟ್ಟುವುದು ಇಂಥದ್ದರಲ್ಲೇ ಮಾಯೆ ಮಾಡಿದ್ದಾರೆ. ಡ್ರಾಕುಲಾ ಒಂದು ಕಡೆ ನಿಂತಿದ್ದರೆ ಗೋಡೆಯ ಮೇಲಿನ ಅವನ ನೆರಳು ತನ್ನ ಪಾಡಿಗೆ ಬೇರೆ ಕೆಲಸ ಮಾಡುತ್ತಿರುತ್ತದೆ. ಎಯ್ಕೊ ಇಶಿಓಕಾ ಮಾಡಿದ ಉಡುಪಿಗೆ, ಮೇಕಪ್ಪಿಗೆ, ಸೌಂಡ್ ಎಡಿಟಿಂಗಿಗೆ ಆಸ್ಕರ್ ಬಂತು. ಮನೆಯಲ್ಲಿ ದೊಡ್ಡ ಟಿವಿ, ಒಳ್ಳೆಯ ಸ್ಪೀಕರ್ ಇದ್ದರೆ ದುಡ್ಡು ಕೊಟ್ಟು ಒಳ್ಳೆಯ ಪ್ರತಿಯಲ್ಲೇ ನೋಡಬೇಕಾದದ್ದು ಇದು. ಮಕ್ಕಳ ಜೊತೆ, ಹಿರಿಯರ ಜೊತೆ ಬೇಡ.

2024: ಗಟ್ಟಿ ಗುಂಡಿಗೆಯವರಿಗೆ

ರಾಬರ್ಟ್ ಎಗರ್ಸ್ ಅವರ ‘ನೊಸ್ಫೆರಾಟು’ ಈ ಗುಂಪಿನಲ್ಲಿ ಅತಿ ಹೆಚ್ಚು ಹೆದರಿಸುವುದು. ಬಿಲ್ ಸ್ಕಾರ್ಸ್‌ಗಾರ್ಡ್ ಮಾಡಿದ ಓರ್ಲಾಕ್ ಕೊಳೆತ ಹೆಣ, ಮೀಸೆ ಬೇರೆ. ಅವನ ದನಿ ನೆಲದಡಿಯಿಂದ ಬಂದ ಹಾಗಿದೆ. ಲಿಲಿ-ರೋಸ್ ಡೆಪ್ ಮಾಡಿದ ಎಲೆನ್ ಕಥೆಯ ನಡುವಿಗೆ ಬಂದಿದ್ದಾಳೆ. ಅವಳ ಸಂಕಟವನ್ನು ಗಂಡಸರು ಹುಚ್ಚು ಅಂತ ತಳ್ಳಿಹಾಕಿ, ಮಂಚಕ್ಕೆ ಕಟ್ಟಿ, ಔಷಧಿ ಕೊಡುವುದನ್ನು ನೋಡುವಾಗ ಪಿಶಾಚಿಗಿಂತ ಅದೇ ಜಾಸ್ತಿ ಕಾಡುತ್ತದೆ. 132 ನಿಮಿಷ. ಕತ್ತಲೆಯ ದೃಶ್ಯಗಳು ಬಹಳ, ಹಗಲು ಬೆಳಕಿನಲ್ಲಿ ಮೊಬೈಲಿನಲ್ಲಿ ನೋಡಿದರೆ ಏನೂ ಕಾಣುವುದಿಲ್ಲ.

ಉರ್ದುವಿನಲ್ಲೂ ಒಂದು

ಸಬ್‌ಟೈಟಲ್ ಓದುವ ಕಷ್ಟ ಬೇಡ, ಹಿಂದಿ ಅರ್ಥವಾಗುತ್ತದೆ ಅನ್ನುವವರಿಗೆ 1967ರ ‘ಜಿಂದಾ ಲಾಶ್’ ಇದೆ. ಲಾಹೋರಿನಲ್ಲಿ ಖ್ವಾಜಾ ಸರ್ಫರಾಜ್ ತೆಗೆದದ್ದು, ಕಪ್ಪುಬಿಳುಪು. ಪ್ರೊಫೆಸರ್ ತಬಾನಿ ಸಾವನ್ನು ಗೆಲ್ಲುವ ಮದ್ದು ಕುಡಿದು ರಕ್ತಪಿಶಾಚಿ ಆಗುತ್ತಾನೆ. ಕುದುರೆ ಗಾಡಿಯ ಬದಲು ಕಾರು, ನಡುನಡುವೆ ಹಾಡು, ಕುಣಿತ. ಕಥೆಯ ನಡೆ 1958ರ ಹ್ಯಾಮರ್ ಸಿನಿಮಾವನ್ನು ಬಲು ಹತ್ತಿರದಿಂದ ಹಿಂಬಾಲಿಸುತ್ತದೆ. ರೆಹಾನ್ ಅವರ ತಬಾನಿ ನಿಜಕ್ಕೂ ಗಟ್ಟಿ ಅಭಿನಯ.

ಈಗ ಆರಿಸಿಕೊಳ್ಳಿ

ಒಂದೇ ಸಂಜೆ, ಒಂದೇ ಸಿನಿಮಾ ಅನ್ನುವವರು 1958ರದ್ದನ್ನು ಹಾಕಿ. ದುಡ್ಡು ಖರ್ಚು ಮಾಡುವ ಮನಸ್ಸಿಲ್ಲದಿದ್ದರೆ 1922ರದ್ದು. ಮನೆಮಂದಿಯೆಲ್ಲ ಕೂತರೆ 1931ರ ಲುಗೋಸಿ. ಪುಸ್ತಕ ಓದಿ ಮುಗಿಸಿ ಅದರ ಗುಂಗಿನಲ್ಲಿದ್ದರೆ ಬಿಬಿಸಿಯದ್ದು. ಪುಸ್ತಕ ಓದುವ ಯೋಚನೆ ಇದ್ದು ಇನ್ನೂ ಓದಿಲ್ಲವಾದರೆ 1992ರದ್ದನ್ನು ಸದ್ಯ ಬಿಡಿ. ಆ ಪ್ರೇಮಕಥೆ ತಲೆಯಲ್ಲಿ ಕೂತರೆ ಪುಸ್ತಕದ ಮಿನಾ ನಿಮಗೆ ಸರಿಯಾಗಿ ಕಾಣುವುದಿಲ್ಲ. ಅವಳಿಗೆ ಅನ್ಯಾಯ ಆಗುತ್ತದೆ.

ಮೂರು ನೊಸ್ಫೆರಾಟುಗಳನ್ನೂ ನೋಡುವ ಆಸೆ ಇದ್ದವರು ವರ್ಷದ ಪ್ರಕಾರವೇ ಹೋಗಿ, ನಡುವೆ ಒಂದೆರಡು ವಾರ ಬಿಡಿ. 2024ರದ್ದು ಮೊದಲು ನೋಡಿದರೆ ಮೂಕಿಯ ನೆರಳುಗಳು ಸಪ್ಪೆ ಅನಿಸಬಹುದು, ಅವು ಸಪ್ಪೆಯಲ್ಲ. ಓಟಿಟಿಯಲ್ಲಿ ಯಾವುದು ಎಲ್ಲಿದೆ ಅನ್ನುವುದು ಬದಲಾಗುತ್ತಲೇ ಇರುತ್ತದೆ. ಬಾಡಿಗೆಗೆ ತೆಗೆದುಕೊಳ್ಳುವ ಮುಂಚೆ ಹೆಸರಿನ ಜೊತೆ ವರ್ಷ, ನಿರ್ದೇಶಕ, ಎಷ್ಟು ನಿಮಿಷ ಅನ್ನುವ ಮೂರನ್ನೂ ತಾಳೆ ನೋಡಿ. 1931ರದ್ದು ಡಿಸ್ಕಿನಲ್ಲಿ ಕೊಳ್ಳುವುದಾದರೆ ಸ್ಪ್ಯಾನಿಶ್ ಸಿನಿಮಾನೂ ಸೇರಿರುವ ಯೂನಿವರ್ಸಲ್ ಬ್ಲೂ-ರೇ ಬಂದಿದೆ, ಅದನ್ನೇ ಕೇಳಿ.